ನೂರಾ ಇಪ್ಪತ್ತೇಳು ಡಿಗ್ರಿ

ಘೋಣಸಗಿಯ ಆಮ್ರಪಾಲಿ ಆರು ವರ್ಷದಿಂದ ತಿಕೋಟಾದ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ಯಾವ ರೈತನ ಮಾಲು ಯಾವ ಕೋಣೆಯಲ್ಲಿದೆ ಎಂಬುದೆಲ್ಲ ಅದರಲ್ಲೇ ಇತ್ತು. ಯಾರಿಗೂ ಹೆದರದ ಹೆಣ್ಣುಮಗಳು, ಬೆಂಕಿ ಒಂದಕ್ಕೆ ಮಾತ್ರ ಹೆದರುತ್ತಿದ್ದಳು. ಏಳು ವರ್ಷದವಳಿದ್ದಾಗ ಹಿತ್ತಲಿನ ಜೋಳದ ಕಣಿಕೆಯ ಬಣವೆ ಹೊತ್ತಿ, ಗಾಳಿ ತಿರುಗಿ, ಉರಿ ಮನೆಯ ಮೇಲೇ ಬಂದಿತ್ತು. ಅವ್ವ ಪರಸವ್ವ ಅವಳನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದ್ದಳು.

ಆ ವಾರ ಕಂಪ್ಯೂಟರು ಎರಡು ಸಲ ತಾನಾಗಿಯೇ ಬಂದ್ ಆಗಿತ್ತು. ವಿಜಯಪುರದಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಆಸಿಫ, ಒಳಗಿನ ಬಿಸಿ ತೋರಿಸುವ ಒಂದು ಸಾಫ್ಟ್‌ವೇರ್ ಹಾಕಿಕೊಳ್ಳಲು ಹೇಳಿದ. ಹಾಕಿ ತೆರೆದರೆ, ಬಿಸಿ ಅಳೆಯುವ ಮೂರನೆಯ ಸೆನ್ಸರಿನ ಮುಂದೆ ಕೆಂಪಕ್ಷರದಲ್ಲಿ ನೂರಾ ಇಪ್ಪತ್ತೇಳು ಡಿಗ್ರಿ! ನೀರು ನೂರಕ್ಕೇ ಕುದಿಯುತ್ತದೆ. ಮೇಜಿನ ಹಿಂದೆ ಮೂರು ತಿಂಗಳಿಂದ ಸೂರು ಮುಟ್ಟುವಂತೆ ಖಾಲಿ ರಟ್ಟಿನ ಡಬ್ಬಿಗಳಿದ್ದವು. ಆಮ್ರಪಾಲಿ ಬಾಗಿಲಿಗೆ ಓಡಿ ಅಲ್ಲಿಂದಲೇ ಫೋನ್ ಮಾಡಿದಳು.

"ಆ ಅಂಕಿ ಏರಿಳಿತೈತೇನ್ರಿ ಅಕ್ಕಾರ?" ಎಂದ ಆಸಿಫ.

"ಇಲ್ಲ. ಬಡದ ಗೂಟದಂಗ ನಿಂತೈತಿ."

ಹಾಗಾದರೆ ಆ ಜಾಗಕ್ಕೆ ಸೆನ್ಸರನ್ನೇ ಜೋಡಿಸಿಲ್ಲ, ಬರೀ ಸುಳ್ಳು ಲೆಕ್ಕ ಅದು, ಎಂದು ಅವನು ಸಮಾಧಾನ ಹೇಳಿದ. ಬಂದ್ ಮಾಡಿ ಮತ್ತೆ ಚಾಲೂ ಮಾಡುವಾಗ ಡಿಲೀಟ್ ಕೀ ಒತ್ತಿದರೆ ಮದರ್‌ಬೋರ್ಡಿನದೇ ಒಂದು ಪುಟ ಬರುತ್ತದೆ, ಅಲ್ಲಿ ಸಿಪಿಯು ಎದುರಿಗಿರುವ ಅಂಕಿ ಓದಿ ಎಂದ. ಅವಳ ಎದೆ ಹಗುರಾಯಿತು. ಬಂದು ಕೂತು ಓದಿದಳು. ಅರವತ್ತೆಂಟು. ನೋಡನೋಡುತ್ತ ಎಪ್ಪತ್ತಾರು. ಎಂಬತ್ತೈದು.

"ಆಸಿಫಣ್ಣ, ಇದು ಏರಾಕತ್ತೇತಿ."

"ಪ್ಲಗ್ ಕಿತ್ತಬಿಡ್ರಿ. ನಾ ಬರ್ತೇನಿ."

ಪ್ಲಗ್ ಕೀಳಲು ಡಬ್ಬಿಗಳ ಸಂದಿಯಲ್ಲೇ ಕೈ ಹಾಕಬೇಕು. ಕೈ ಹಾಕಿದಳು, ಕಣ್ಣು ಮುಚ್ಚಿಕೊಂಡೇ ಜಗ್ಗಿದಳು. ಆಮೇಲೆ ಹೊರಗಿನ ಕಟ್ಟೆಯ ಮೇಲೆ ಕೂತವಳು ಆಸಿಫ ಬರುವತನಕ ಒಳಗೆ ಕಾಲಿಡಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಬಂದ ಆಸಿಫ ಪೆಟ್ಟಿಗೆ ಬಿಚ್ಚಿದ. ಜಿಡ್ಡು ಧೂಳು, ದ್ರಾಕ್ಷಿಯ ತೊಟ್ಟು ಸಿಕ್ಕಿ ಫ್ಯಾನು ತಿರುಗುವುದನ್ನೇ ಮರೆತಿತ್ತು. ಸಿಪಿಯು ಮೇಲೆ ಬಿಸಿ ಹೊರಗೆ ಸಾಗಿಸಲು ಹಚ್ಚಿದ್ದ ಪೇಸ್ಟು ಒಣಗಿ ಹಿಟ್ಟಾಗಿತ್ತು. ಎಲ್ಲ ಒರೆಸಿ, ಹೊಸ ಪೇಸ್ಟು ಹಚ್ಚಿ, ಫ್ಯಾನು ಬದಲಿಸಿದ. ತಣಿದ ಯಂತ್ರ ಚಾಲೂ ಆದಾಗ ಕೋಣೆಯ ಬಿಸಿಗಿಂತ ಸ್ವಲ್ಪವೇ ಹೆಚ್ಚು ತೋರಿಸಬೇಕು, ಹಾಗೆ ತೋರಿಸಿದರೆ ಮಾತ್ರ ಸೆನ್ಸರನ್ನು ನಂಬಬೇಕು ಎಂದು ಹೇಳಿಕೊಟ್ಟ. ಗೋಡೆಯ ಥರ್ಮಾಮೀಟರಿನಲ್ಲಿ ಮೂವತ್ತಾರಿತ್ತು. ತೆರೆಯ ಮೇಲೆ ಮೂವತ್ತೊಂಬತ್ತು ಬಂತು, ನಲವತ್ತೈದಕ್ಕೆ ಹೋಗಿ ನಿಂತಿತು.

ಸ್ಟೋರೇಜಿನ ಮಾಲೀಕ, ಸಾಹುಕಾರ ಬಸಗೊಂಡಪ್ಪ ಬಂದು, ಇನ್ನು ಕೆಲಸ ಶುರುವಾಗಲಿ ಎಂದರು. ಮೂರು ತಿಂಗಳಿಂದ ನುಂಗಿಕೊಂಡಿದ್ದ ಮಾತನ್ನು ಆಮ್ರಪಾಲಿ ಅವತ್ತು ಆಡಿಬಿಟ್ಟಳು.

"ಮೊದಲು ಆ ಡಬ್ಬಿ ತೆಗಸ್ರಿ ಸಾಹುಕಾರ್ರ. ಅಲ್ಲೀತನಕ ನಾ ಇಲ್ಲಿ ಕುಂದ್ರಂಗಿಲ್ಲ."

ಅವಳ ಮುಖ ನೋಡಿ ಅವರು ಹಮಾಲರನ್ನು ಕರೆದರು.

ಯಂತ್ರ ಮತ್ತೆ ಕೈಕೊಡಲಿಲ್ಲ. ಆದರೂ ಎಷ್ಟೋ ದಿನ ಆಮ್ರಪಾಲಿ ಕೆಲಸದ ನಡುವೆ ಕೈ ನಿಲ್ಲಿಸಿ, ಫ್ಯಾನಿನ ಸದ್ದಿಗೆ ಕಿವಿಗೊಡುತ್ತಿದ್ದಳು.