ರಾಜೇಸಾಬ ಕಾಕಾರ ಮುಟಗ್ಯಾಗಿನ ಉಸುಕು

ಗೆಳೆಯರ, ಇವತ್ತ ಖಾನಾಪುರಕ್ಕ ಹೋಗಿ ಬರೇ ಚಹಾ ಕುಡದು ಬಂದೆ.

ನಾ ಮ್ಯಾನೇಜರ್ ಇರೂ ಬೆಳಗಾವಿ ಫೌಂಡ್ರಿಯಾಗ ಅಚ್ಚಿನ ಉಸುಕು ಕಲಸತಿದ್ದ ರಾಜೇಸಾಬ ಕಾಕಾ ಹೋದ ತಿಂಗಳ ರಿಟೈರ್ ಆದ್ರು. ಆವಾಗಿಂದ ಉಸುಕಿನ ಹದಾ ತಪ್ಪಿ ಎರಕಾ ಹೊಯ್ದ ಮಾಲಿನ ತುಂಬ ತೂತು. ಉಸುಕು ಮುಟಗ್ಯಾಗ ಹಿಡದು ಹದಾ ಹೇಳಾವ್ರು ಅವರೊಬ್ಬರ ಇದ್ರು.

"ಕಾಕಾ, ಯಾರಿಗೂ ಯಾಕ ಹೇಳಿಕೊಡಲಿಲ್ರಿ?" ಅಂತ ಖಾನಾಪುರದಾಗ ಅವರ ಮನ್ಯಾಗ ಕುಂತು ಕೇಳಿದೆ.

"ನನಗ ಮೊದಲ ಉಸುಕು ಕಲಸತಿದ್ದ ಪರಶುರಾಮ ಮಾಮಾ ಎಲ್ಲಾ ಹೇಳಿಕೊಟ್ಟಿದ್ರು. ನಾ ಕಲತ ಮರುದಿನಾನ ನೀವು ಅವರ ಕೈಯಾಗ ಕೋಲು ಕೊಟ್ಟು ಗೇಟ್ ಕಾಯಾಕ ಕುಂದ್ರಿಸಿದ್ರಿ," ಅಂದ್ರು. ದನಿಯಾಗ ಸಿಟ್ಟ ಇರಲಿಲ್ಲ.

ಆ ಆರ್ಡರಿಗೆ ಸಹಿ ಮಾಡಿದಾವ ನಾನ.

ವಾಪಸ್ ಬರೂವಾಗ ಮಾಲಕರ ಫೋನ್ ಬಂತು. "ಕಾಕಾ ಹೇಳಿದ್ರೇನು?"

"ಹೇಳಿದ್ರು ಸಾಹೇಬ್ರ," ಅಂದೆ. "ಉಸುಕಿನ ವಿಷಯಾ ಒಂದ ಬಿಟ್ಟು ಎಲ್ಲಾ ಹೇಳಿದ್ರು."