ಸಾರವಾಡಕ್ಕೆ ಮಾತಾಡಿಸಲು ಹೋದ ಗೌತಮಿ

ನಮ್ಮ ಆಸ್ಪತ್ರೆಯ ಎಮರ್ಜನ್ಸಿಯಲ್ಲಿ ಗೌತಮಿಯಷ್ಟು ಬೈಯುವ ನರ್ಸ್ ಇನ್ನೊಬ್ಬಳಿಲ್ಲ. ತಿಕೋಟಾದಿಂದ ವಿಜಯಪುರದವರೆಗೆ ಬಸ್ಸಿನಲ್ಲಿ ನಿಂತೇ ಬರುತ್ತಾಳೆ, ಬಂದವಳೇ ಕಂಡಕ್ಟರನ ಮೇಲಿನ ಸಿಟ್ಟನ್ನು ನಮ್ಮ ಮೇಲೆ ತೀರಿಸಿಕೊಳ್ಳುತ್ತಾಳೆ. ಡಾಕ್ಟರರನ್ನೂ ಬಿಟ್ಟವಳಲ್ಲ. ಆದರೆ ಸಾಯಲು ಹೋಗಿ ಉಳಿದು ಬಂದ ಹುಡುಗ ಹುಡುಗಿಯರಿಗೆ ಒಂದು ಮಾತೂ ಅನ್ನುವುದಿಲ್ಲ, ಅನ್ನಲು ನಮ್ಮನ್ನೂ ಬಿಡುವುದಿಲ್ಲ.

ಸಾರವಾಡದ ಮಹಾನಂದಾ ಇನ್ನೂ ಕಾಲೇಜು ಓದುವ ಹುಡುಗಿ. ಒಂದೇ ವರ್ಷದಲ್ಲಿ ಮೂರನೇ ಸಲ ಅವಳನ್ನು ಹೊತ್ತು ತಂದಾಗ ನಮ್ಮಲ್ಲಿ ಕೆಲವರು ಮುಖ ತಿರುಗಿಸಿದರು. ಪ್ರತಿ ಸಲವೂ ಜೀವ ಉಳಿಯುತ್ತಿತ್ತು. ಮನಸ್ಸಿನ ಡಾಕ್ಟರರಿಗೆ ತೋರಿಸಿ ಎಂದರೆ ಸಾಕು, ಅವಳಪ್ಪ ಗುರಣ್ಣ ಮನೆಗೆ ಕರೆದುಕೊಂಡು ಹೋಗಿಬಿಡುತ್ತಿದ್ದ. ಕನ್ಯೆ ನೋಡಲು ಬರುವವರಿಗೆ ಗೊತ್ತಾದೀತೆಂಬ ಅಂಜಿಕೆ ಅವನಿಗೆ. ಈ ಸಲವೂ ಹಾಗೇ ಆಯಿತು. ಇನ್ನೊಂದು ಸಲ ಈ ಹುಡುಗಿ ಜೀವಂತ ಬರಲಿಕ್ಕಿಲ್ಲ ಎಂದು ಗೌತಮಿಗೆ ನಿಜವಾಗಿ ಹೆದರಿಕೆಯಾಯಿತು.

ನಮ್ಮ ಕಡೆ ಒಂದು ಜ್ವರ ಬಂದರೂ ಮಾತಾಡಿಸಲು ಊರೆಲ್ಲ ಬ್ರೆಡ್ಡು, ಬಿಸ್ಕೀಟು ಹಿಡಿದು ಬರುತ್ತದೆ. ಇಂಥವರ ಮನೆಗೆ ಮಾತ್ರ ಯಾರೂ ಹೋಗುವುದಿಲ್ಲ, ಮನೆಯವರೇ ಮುಚ್ಚಿಟ್ಟಿರುತ್ತಾರಲ್ಲ. ರಜೆಯ ದಿನ ಗೌತಮಿ ಸ್ಟೇಷನ್ ರಸ್ತೆಯಲ್ಲಿ ಮೋಸಂಬಿ ಕೊಂಡು ಸಾರವಾಡದ ಬಸ್ಸು ಹತ್ತಿದಳು.

ಗುರಣ್ಣ ಬಾಗಿಲಲ್ಲೇ ತಡೆದ. "ಯಾಕ ಬಂದೀರಿ ಸಿಸ್ಟರ?"

"ಮಾತಾಡ್ಸಾಕ ಬಂದೀನಿ ಕಾಕಾ. ಜಡ್ಡಾದವ್ರನ್ನ ಮಾತಾಡ್ಸಾಕ ಬರಬಾರದೇನ್ರಿ?"

ಹಣ್ಣು ಹಿಡಿದು ಬಂದವಳನ್ನು ಹೊರಗೆ ನಿಲ್ಲಿಸಲು ಅವನಿಗೂ ಮನಸ್ಸಾಗಲಿಲ್ಲ. ಒಳಗೆ ಕೂತವಳೇ ಗೌತಮಿ ನೇರವಾಗಿ ಕೇಳಿದಳು: "ಮಹಾನಂದಾ, ಈಗೂ ಸಾಯಬೇಕು ಅನ್ನಿಸ್ತದೇನವಾ?"

ಗುರಣ್ಣ ಎದ್ದು ನಿಂತ. "ಆ ಮಾತ ತಗೀಬ್ಯಾಡ್ರಿ. ನೀವ ಆಕಿ ತಲ್ಯಾಗ ತುಂಬ್ತೀರಿ."

"ಮೊದ್ಲಿಂದನ ಅದ ಕಾಕಾ ಆಕಿ ತಲ್ಯಾಗ. ಒಬ್ಬಾಕಿನ ಅದನ್ನ ಹೊತ್ಕೊಂಡ ಕುಂತಾಳ."

"ದಿನಾ ಅನ್ನಿಸ್ತದ ಅಕ್ಕಾರ," ಎಂದು ಹುಡುಗಿ ಅತ್ತಳು. ಅಪ್ಪನೆದುರು ಅವಳು ಹಾಗೆಂದದ್ದು ಅದೇ ಮೊದಲು. ಗುರಣ್ಣ ಹೊಲಕ್ಕೆ ಹೊರಟುಹೋದ.

"ಹಂಗ ಅನ್ನಿಸಿದಾಗ ಏನರ ಮಾಡ್ಕೊಳ್ಳೂದಕ್ಕಿಂತ ಮೊದಲ ದವಾಖಾನಿಗೆ ಬಾ," ಎಂದಳು ಗೌತಮಿ. "ಅಪ್ಪಗ ಹೇಳು, ಇಲ್ಲಾ ನನಗ ಫೋನ್ ಮಾಡು. ಯಾವಾಗರ ಬಾ, ಬೈಯೂದಿಲ್ಲ."

ಅಷ್ಟಕ್ಕೇ ಬಿಡಲಿಲ್ಲ. ರಜೆ ಸಿಕ್ಕಾಗಲೆಲ್ಲ ಹೋದಳು. ನಿನಗೇನು ಬೇರೆ ಕೆಲಸವಿಲ್ಲವೇ ಎಂದು ನಾವು ಚೇಷ್ಟೆ ಮಾಡಿದರೆ ನಮಗೂ ಬೈಗುಳ ಬಿತ್ತು. ಗುರಣ್ಣ ಮಾತಾಡುತ್ತಿರಲಿಲ್ಲವಂತೆ, ಆದರೆ ಚಹಾ ಮಾಡಿಸುತ್ತಿದ್ದನಂತೆ.

ಜೋಳದ ಸುಗ್ಗಿಯ ಹೊತ್ತಿಗೆ ಒಂದು ಮಧ್ಯಾಹ್ನ ಅಪ್ಪ ಮಗಳು ನಡೆದುಕೊಂಡೇ ಎಮರ್ಜನ್ಸಿಯ ಒಳಗೆ ಬಂದರು, ಈ ಸಲ ಅವಳನ್ನು ಹೊತ್ತು ತಂದಿರಲಿಲ್ಲ. ಹೊಸದಾಗಿ ಸೇರಿದ ಡಾಕ್ಟರೊಬ್ಬ ಹುಡುಗಿಯನ್ನು ನೋಡಿ, ಏನಾಗಿದೆ ಎಂದ.

"ಇನ್ನೂ ಏನೂ ಆಗಿಲ್ರಿ," ಎಂದ ಗುರಣ್ಣ. "ಆಗೂದಕ್ಕಿಂತ ಮೊದಲ ಕರಕೊಂಡ ಬಂದೀನಿ."

ಏನೂ ಆಗದವರು ಇಲ್ಲಿಗೇಕೆ ಬಂದಿರಿ ಎಂದ ಡಾಕ್ಟರ್. ಆಗ ಗೌತಮಿ ಅವನಿಗೆ ಅಂದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಹುಡುಗಿಯನ್ನು ಮಂಚದ ಮೇಲೆ ಕೂರಿಸಿ, ಮನಸ್ಸಿನ ಡಾಕ್ಟರರಿಗೆ ಫೋನ್ ಮಾಡಿದಳು.

ಗುರಣ್ಣ ಮಗಳ ಪಕ್ಕ ಕೂತ. ಆಚೀಚೆ ಸಾರವಾಡದ ಕಡೆಯ ಜನ ಇದ್ದರು, ಕೇಳಿಸಿಕೊಳ್ಳುತ್ತಲೂ ಇದ್ದರು. ಅವನು ದನಿ ತಗ್ಗಿಸಲಿಲ್ಲ.

"ಸಾಯಬೇಕು ಅನ್ನಿಸ್ತದ ಅಂತ ಆ ಮನಸ್ಸಿನ ಡಾಕ್ಟರಿಗೂ ಹೇಳ ಯವ್ವಾ, ಅಂಜಬ್ಯಾಡ. ನಾ ಇಲ್ಲೇ ಇರ್ತೀನಿ."