ಗೋಡೆಯಾಚೆಯ ಸೈರನ್

ಎಣ್ಣೆ ಕಂಪನಿಯ ಡಿಪೋದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವನು ನೊರೆ ಮೇಸ್ತ್ರಿ. ಪೆಟ್ರೋಲಿಗೆ ಹೊತ್ತಿಕೊಂಡ ಬೆಂಕಿಗೆ ಬರೀ ನೀರು ಸುರಿದರೆ ಪ್ರಯೋಜನವಿಲ್ಲ, ನೊರೆ ಹೊದಿಸಿ ಅದರ ಉಸಿರು ಕಟ್ಟಿಸಬೇಕು. ಆ ಕೆಲಸದಲ್ಲಿ ಅವನದು ಎತ್ತಿದ ಕೈ. ಹಾಗೆಂದು ದಿನ ಬೆಳಗಾದರೆ ಬೆಂಕಿಗೆ ನುಗ್ಗುತ್ತಿದ್ದ ಅಂದುಕೊಳ್ಳಬೇಡಿ. ಬೆಂಕಿ ಬೀಳದಂತೆ ನೋಡಿಕೊಳ್ಳುವುದೇ ಅವನ ಉದ್ಯೋಗ. ಪೈಪುಗಳನ್ನು ಒಣಗಿಸಿ ಮತ್ತೆ ಸುತ್ತಿಡುವುದು, ಪಂಪು ಓಡಿಸಿ ನೋಡುವುದು, ಟ್ಯಾಂಕರ್ ಚಾಲಕರ ಜೇಬಿನಿಂದ ಬೆಂಕಿಪೊಟ್ಟಣ ಕಿತ್ತುಕೊಂಡು ಬೈಸಿಕೊಳ್ಳುವುದು. ಏನೂ ಆಗದಂತೆ ನೋಡಿಕೊಳ್ಳುವುದರಲ್ಲೇ ಆಯುಷ್ಯ ಸವೆಸಿದವರನ್ನು ಯಾರು ಹೊಗಳುತ್ತಾರೆ ಹೇಳಿ!

ಡಿಪೋದ ಹಿಂದೆ ಒಂದು ಗೋಡೆ. ಗೋಡೆಯಾಚೆ ಇನ್ನೊಂದು ಎಣ್ಣೆ ಕಂಪನಿಯ ಡಿಪೋ. ಪೇಟೆಯಲ್ಲಿ ಎರಡೂ ಕಂಪನಿಗಳು ಹಾವು ಮುಂಗುಸಿ. ಆದರೆ ಬೆಂಕಿಗೆ ಇದು ಯಾರ ಎಣ್ಣೆ ಎಂಬ ಭೇದವಿಲ್ಲವಲ್ಲ. ಅದಕ್ಕೇ ಗೋಡೆಗೊಂದು ಕಬ್ಬಿಣದ ಬಾಗಿಲು, ಒಂದು ಕಡೆ ಸೈರನ್ ಕೂಗಿದರೆ ಇನ್ನೊಂದು ಕಡೆಯವರೂ ಓಡಿ ಹೋಗಬೇಕೆಂಬ ಕಟ್ಟಳೆ. ಚಿಲಕ ಮಾತ್ರ ಈ ಕಡೆಗೆ. ಗೋಡೆ ಕಟ್ಟಿಸಿದವರು ನಾವು ಎಂಬ ಜಂಭ ಇವರಿಗೆ.

ಸೈರನ್ನಿನ ವಿಷಯ ಇನ್ನೂ ಚೆಂದ. ಈ ಕಡೆ ಒಂದೇ ಸಮನೆ ಉದ್ದಕ್ಕೆ ಕೂಗಿದರೆ ವಾರದ ಪರೀಕ್ಷೆ, ತುಂಡು ತುಂಡಾಗಿ ಕೂಗಿದರೆ ಬೆಂಕಿ. ಆ ಕಡೆ ಅದರ ತಿರುಗುಮುರುಗು. ಎರಡನ್ನೂ ಒಂದೇ ಮಾಡಿ ಎಂದು ಮೇಸ್ತ್ರಿ ಮೇಲಿನವರ ಮುಂದೆ ಗೋಗರೆದಿದ್ದ. ‘ಅವರು ಬದಲಾಯಿಸಲಿ’ ಎಂದರು ಇವರು. ‘ಅವರೇ ಬದಲಾಯಿಸಲಿ’ ಎಂದರು ಅವರು. ದೊಡ್ಡವರ ಈ ಪ್ರತಿಷ್ಠೆಯ ನಡುವೆ ಕೆಳಗಿನವರು ಆಚೆಯದು ಉಲ್ಟಾ ಎಂದು ಬಾಯಿಪಾಠ ಮಾಡಿಕೊಂಡು ಕಾಲ ತಳ್ಳಿದರು.

ಇಂಥದರಲ್ಲಿ ಮೇಸ್ತ್ರಿಯ ಒಬ್ಬಳೇ ಮಗಳು ಹೋಗಿ ಆಚೆಯ ಕಂಪನಿಯ ಫೈರ್ ತಂಡ ಸೇರಿದಳು. ಅಪ್ಪನಿಗೆ ಸಿಟ್ಟು ನೆತ್ತಿಗೇರಿತು.

‘ನಿಮ್ಮ ಕಂಪನೀಲಿ ಹೆಂಗಸರನ್ನ ತಗೊಳ್ಳಲ್ವಲ್ಲಪ್ಪ, ಇನ್ನೆಲ್ಲಿಗೆ ಹೋಗ್ಲಿ?’ ಎಂದಳು ಮಗಳು.

ಅಪ್ಪ ಕೆಲವು ದಿನ ಮುಖ ಊದಿಸಿಕೊಂಡಿದ್ದ. ಮುಂದೊಂದು ದಿನ ಜಂಟಿ ಕವಾಯತಿನಲ್ಲಿ ಅವಳು ಭಾರದ ಪೈಪನ್ನು ಹೆಗಲಿಗೆ ಹಾಕಿಕೊಂಡು ಓಡಿದ್ದನ್ನು ಕಂಡು, ಮನೆಗೆ ಬಂದು ಹೆಂಡತಿಯ ಮುಂದೆ ಅದನ್ನೇ ಹೇಳಿದ್ದೇ ಹೇಳಿದ್ದು. ಮಗಳ ಎದುರಿಗೆ ಮಾತ್ರ, ‘ಆಚೆ ಮನೆಯವರು ಊಟಕ್ಕೆ ಬಂದವ್ರೆ, ಮರ್ಯಾದೆಯಿಂದ ಬಡಿಸೇ’ ಎಂದು ರೇಗಿಸುವುದನ್ನು ಬಿಡಲಿಲ್ಲ.

ಹೀಗಿರುವಾಗ ಎರಡೂ ಕಂಪನಿಗಳು ಒಂದಾಗುತ್ತವೆ ಎಂಬ ಸುದ್ದಿ ಬಂತು. ಇವನ ಕಂಪನಿ ದೊಡ್ಡದು, ಅದು ಇನ್ನೊಂದನ್ನು ನುಂಗುವುದು. ಗೋಡೆ ಬೀಳುತ್ತದೆ, ಎರಡು ಡಿಪೋ ಸೇರಿ ಒಂದಾಗುತ್ತದೆ, ಒಂದೇ ಫೈರ್ ತಂಡ ಸಾಕು. ಕಡೆಗೆ ಸೇರಿದವರು ಮೊದಲು ಹೊರಕ್ಕೆ. ಅಂದರೆ ಮೊದಲ ಹೆಸರು ಮಗಳದು. ಗಂಡಸರು ನಕ್ಕಾಗ ಹಲ್ಲು ಕಚ್ಚಿಕೊಂಡು ಗಿಟ್ಟಿಸಿದ ಕೆಲಸ ಅದು. ಮೇಸ್ತ್ರಿ ಕೆರಳಿ ಕೆಂಡವಾದ. ಯೂನಿಯನ್ ಸಭೆಯಲ್ಲಿ ಮೇಜು ಕುಟ್ಟಿ ಕೂಗಾಡಿದ. ವಿಲೀನದ ಬಗ್ಗೆ ಜನರ ಅಭಿಪ್ರಾಯ ಕೇಳಲು ಸರ್ಕಾರ ಸಭೆ ಕರೆದಾಗ ಯೂನಿಯನ್ ಕಾರ್ಯದರ್ಶಿ ಅವನ ಬೆನ್ನು ತಟ್ಟಿದ: ‘ಮೇಸ್ತ್ರಿ, ನೀವೇ ಮಾತಾಡ್ಬೇಕು. ಎರಡು ಕಂಪನಿ ಇದ್ರೇನೇ ಕ್ಷೇಮ ಅಂತ ಒಂದೇ ಮಾತು ಹೇಳಿ, ಸಾಕು.’

ಆ ಸಭೆ ಇನ್ನೂ ನಡೆಯಬೇಕಿತ್ತು, ಅಷ್ಟರಲ್ಲಿ ಒಂದು ಅವಘಡವಾಯಿತು.

ಅವತ್ತು ಈ ಕಡೆಯ ಸೈರನ್ ಪರೀಕ್ಷೆಯ ದಿನ. ಸೈರನ್ ಒತ್ತುವವನು ಯಾಕೋ ತಡಮಾಡಿದ್ದ. ಮೇಸ್ತ್ರಿ ತನ್ನ ತಂಡದ ಜೊತೆ ಕ್ಯಾಂಟೀನಿನ ಬೆಂಚಿನ ಮೇಲೆ ಚಹಾ ಕುಡಿಯುತ್ತ ಕೂತಿದ್ದಾಗ ಉದ್ದನೆಯ ಕೂಗು ಕೇಳಿಸಿತು. ‘ಅಂತೂ ಒತ್ತಿದ ಪುಣ್ಯಾತ್ಮ’ ಎಂದು ಮೇಸ್ತ್ರಿ ನಕ್ಕ, ತಂಡವೂ ನಕ್ಕಿತು. ಲೋಟ ಅರ್ಧ ಖಾಲಿಯಾಗುವ ಹೊತ್ತಿಗೆ ಅವನು ಅದನ್ನು ಕೆಳಗಿಟ್ಟು ಕಿವಿಗೊಟ್ಟ. ಕೂಗು ಬರುತ್ತಿದ್ದದ್ದು ಗೋಡೆಯಾಚೆಯಿಂದ. ಆಚೆಯದು ಉಲ್ಟಾ. ಬಾಯಿಪಾಠವಾಗಿದ್ದ ಮಾತು ಬೇಕಾದ ಹೊತ್ತಿಗೆ ಕೈಕೊಟ್ಟಿತ್ತು.

ಬಿದ್ದಂಬೀಳ ಓಡಿ ಚಿಲಕ ಎಳೆದಾಗ ಆ ಕಡೆಯವರು ಟ್ಯಾಂಕರ್ ತುಂಬಿಸುವ ಕಟ್ಟೆಯ ಬೆಂಕಿಯನ್ನು ತಾವೇ ಹೇಗೋ ಆರಿಸಿದ್ದರು. ಎಲ್ಲೆಲ್ಲೂ ನೊರೆ. ಅದರ ನಡುವೆ ಮಗಳು ನೆಲದ ಮೇಲೆ ಕೂತು ಸುಟ್ಟ ಎಡಗೈಯನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿಕೊಂಡಿದ್ದಳು.

‘ಎಲ್ಲಿದ್ದೆ ಅಪ್ಪ?’ ಎಂದಳು.

‘ಚಿಲಕ ಸಿಕ್ಕಿಹಾಕ್ಕೊಂಡಿತ್ತು ಮಗಾ’ ಎಂದುಬಿಟ್ಟ.

ಆ ಮಾತು ಹೇಗೆ ಬಾಯಿಗೆ ಬಂತೋ ಅವನಿಗೇ ಗೊತ್ತಿಲ್ಲ. ಹೇಳಿದ ಮೇಲೆ ನುಂಗಲಾಗಲಿಲ್ಲ. ಅವನ ತಂಡದವರು ಬಾಯಿ ಬಿಡಲಿಲ್ಲ, ಉಳಿದವರೆಲ್ಲ ನಂಬಿ ಚಿಲಕಕ್ಕೆ ಗ್ರೀಸು ಹಚ್ಚಿಸಿದರು. ಮಗಳು ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಕೆಲಸಕ್ಕೆ ಹೋಗದೆ ಮನೆಯಲ್ಲೇ ಉಳಿದಳು. ಅವಳು ಒಂದೇ ಕೈಯಲ್ಲಿ ಜಡೆ ಹಾಕಿಕೊಳ್ಳಲು ಒದ್ದಾಡುವುದನ್ನು ನೋಡುವಾಗ ಮೇಸ್ತ್ರಿ ಅರ್ಧಕ್ಕೇ ಊಟ ಬಿಟ್ಟು ಏಳುತ್ತಿದ್ದ.

‘ಯಾಕ್ರೀ, ಊಟ ಸೇರ್ತಿಲ್ವಾ?’ ಎಂದು ಹೆಂಡತಿ ಕೇಳಿದರೆ, ‘ಉಪ್ಪು ಜಾಸ್ತಿ’ ಎಂದು ಅವಳ ಮೇಲೇ ಹಾಕಿದ. ಪಾಪ, ಆ ಹೆಂಗಸು ಮರುದಿನ ಉಪ್ಪು ಕಮ್ಮಿ ಹಾಕಿದಳು.

ಸಭೆಯ ದಿನ ಹಾಲ್ ತುಂಬಿತ್ತು. ಯೂನಿಯನ್ನಿನವರೆಲ್ಲ ಮುಂದೆ ಕೂತಿದ್ದರು, ಮಗಳೂ ಬಂದಿದ್ದಳು. ಕಂಪನಿಯ ಸಾಹೇಬರು ಲಾಭದ ಮಾತಾಡಿದರು, ಇನ್ಯಾರೋ ಪೈಪೋಟಿ ಇಲ್ಲದಿದ್ದರೆ ಗಿರಾಕಿಯ ಕಿವಿಗೆ ಹೂ ಇಡುತ್ತಾರೆ ಎಂದರು. ಮೇಸ್ತ್ರಿಯ ಸರದಿ ಬಂತು. ಅವನು ಎದ್ದು ಮೈಕಿನ ಮುಂದೆ ನಿಂತ. ಕಾರ್ಯದರ್ಶಿ ಕಣ್ಸನ್ನೆ ಮಾಡಿದ.

‘ಬೆಂಕಿ ಬಿದ್ದ ದಿನ ಚಿಲಕ ಸಿಕ್ಕಿಹಾಕ್ಕೊಂಡಿರ್ಲಿಲ್ಲ ಸ್ವಾಮಿ’ ಎಂದ. ‘ನಾವು ಚಹಾ ಕುಡೀತಾ ಕೂತಿದ್ವಿ. ಅವರ ಬೆಂಕಿ ಸೈರನ್ನು, ನಮ್ಮ ಪರೀಕ್ಷೆ ಸೈರನ್ನು ಒಂದೇ ಥರ. ಎಲ್ಲರಿಗಿಂತ ಮುಂಚೆ ನಾನೇ ನಕ್ಕಿದ್ದು.’

ವೇದಿಕೆಯ ಮೇಲೆ ಕೂತಿದ್ದ ಸರ್ಕಾರಿ ಅಧಿಕಾರಿ ಮುಂದಕ್ಕೆ ಬಾಗಿದ. ‘ಹಾಗಾದ್ರೆ ನಿಮ್ಮ ಅಭಿಪ್ರಾಯ ಏನು? ಒಂದಾಗ್ಬೇಕಾ, ಬೇಡ್ವಾ?’

‘ಸೈರನ್ ಒಂದಾಗ್ಲಿ, ತಂಡ ಎರಡಿರ್ಲಿ ಅಂತ ನನ್ನಾಸೆ.’

‘ಆ ಥರ ಯೋಜನೆ ಇಲ್ಲ. ಒಂದಾದ್ರೆ ತಂಡವೂ ಒಂದೇ.’

ಮೇಸ್ತ್ರಿ ಮಗಳ ಕಡೆ ನೋಡಲಿಲ್ಲ. ನೋಡಿದರೆ ನಾಲಿಗೆ ಹೊರಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಇಬ್ಬರು ಯಜಮಾನರು ಇರುವ ತನಕ ಯಾರೂ ತಮ್ಮ ಸೈರನ್ ಬದಲಾಯಿಸುವುದಿಲ್ಲ ಎಂಬುದೂ ಗೊತ್ತಿತ್ತು. ಮುಂದಿನ ಬೆಂಕಿ ಬರೀ ಕೈ ಸುಟ್ಟಷ್ಟಕ್ಕೇ ನಿಲ್ಲುತ್ತದೆಂದು ಯಾರು ಬರೆದುಕೊಡುತ್ತಾರೆ? ‘ಒಂದಾಗ್ಲಿ’ ಎಂದು ಹೇಳಿ ಕೂತ. ಕಾರ್ಯದರ್ಶಿ ತಲೆಯ ಮೇಲೆ ಕೈ ಹೊತ್ತುಕೊಂಡ. ಹಿಂದಿನಿಂದ ಯಾರೋ, ‘ಮಗಳ ಅನ್ನಕ್ಕೇ ಕಲ್ಲು ಹಾಕ್ದ’ ಎಂದದ್ದು ಸ್ಪಷ್ಟವಾಗಿ ಕೇಳಿಸಿತು.

ಹೊರಗೆ ಮೆಟ್ಟಿಲ ಮೇಲೆ ಮಗಳು ಕಾಯುತ್ತಿದ್ದಳು. ಅವನು ಹತ್ತಿರ ಹೋಗಿ ತಲೆ ತಗ್ಗಿಸಿದ.

‘ನಿನ್ನ ಕೆಲಸ ಕಳೆದುಬಿಟ್ಟೆ ಮಗಾ. ಬೈಯಿ.’

‘ಕೆಲಸದ ಮಾತು ಆಮೇಲೆ’ ಎಂದಳು ಅವಳು. ಸ್ವಲ್ಪ ಹೊತ್ತು ಬ್ಯಾಂಡೇಜಿನ ಅಂಚು ಸರಿಮಾಡಿಕೊಂಡಳು. ‘ಅವತ್ತು ಬೆಂಕಿ ಕಡೆ ನೋಡ್ಕೊಂಡು ನಿಂತಿದ್ರೆ ನನಗೇನೂ ಆಗ್ತಿರ್ಲಿಲ್ಲ ಅಪ್ಪ. ನಾನು ಗೋಡೆ ಬಾಗಿಲ ಕಡೆ ನೋಡ್ತಿದ್ದೆ. ಈಗ ತೆಗೀತಾರೆ, ಈಗ ತೆಗೀತಾರೆ, ಮೊದಲು ಅಪ್ಪನೇ ಬರೋದು ಅಂತ.’

ಮೇಸ್ತ್ರಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ಜನ ದಾಟಿಕೊಂಡು ಇಳಿಯುತ್ತಿದ್ದರು, ಅವರೆದುರು ಅಳುವುದಕ್ಕೂ ಅವನಿಗೆ ನಾಚಿಕೆಯಾಗಲಿಲ್ಲ.

‘ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀನು?’

ಮಗಳು ಪಕ್ಕದಲ್ಲಿ ಕೂತು ಒಳ್ಳೆಯ ಕೈಯನ್ನು ಅವನ ಬೆನ್ನ ಮೇಲಿಟ್ಟಳು.

‘ಬಾಗಿಲು ಒಂದೇ ಎಳೆತಕ್ಕೆ ತೆರ್ಕೊಂಡಿದ್ದು ನೋಡಿದ್ದೆ. ಚಿಲಕದ್ದು ಸುಳ್ಳು ಅಂತ ಅವತ್ತೇ ಗೊತ್ತಾಗಿತ್ತು’ ಎಂದಳು. ‘ನೀನೇ ಹೇಳ್ಲಿ ಅಂತ ಕಾಯ್ತಿದ್ದೆ.’